ಎಡೆದೊರೆನಾಡಿನ ಗುರುಗಳೂ ಶಿಷ್ಯರೂ

ರಾಯಚೂರಿನ ಕೋಟೆಯ ಗೋಡೆಯಲ್ಲಿ ೪೧ ಅಡಿ ಉದ್ದವಾದ ಶಿಲೆಯೊಂದು ಕೂಡಿಸಲ್ಪಟ್ಟಿರುವುದನ್ನು ಆ ಊರಿಗೆ ಹೋದವರು ನೋಡಿಯೇ ಇರುವರು. ಅದರ ಮೇಲಿನ ತೆಲುಗು ಶಾಸನವು ಕ್ರಿ. ಶ. ೧೨೯೪ರದು. ಕಾಕತೀಯರ ಕಾಲದಲ್ಲಿ ಕೋಟೆಯನ್ನು ಕಟ್ಟಿಸಿದ ಗೋರೆ ಗಂಗಯ್ಯರೆಡ್ಡಿಯ ಹೆಸರು ಅದರಲ್ಲಿದೆ. ಅಷ್ಟು ಭಾರದ ಕಲ್ಲನ್ನು ಗಾಡಿಯ ಮೇಲೇರಿಸಿ, ಸಾಲುಸಾಲಾಗಿ ಜಾನುವಾರುಗಳನ್ನು ಹೂಡಿ, ಆಳುಗಳು ಎಳೆದುತಂದ ಬಗೆಯನ್ನು ಗೋಡೆಯ ಮೇಲೆಯೇ ಗೆರೆಗಳಲ್ಲಿ ಕೊರೆದಿರುವರು. ಎಳೆದವರ ಚಿತ್ರವುಂಟು, ಹೆಸರಿಲ್ಲ.

ಈ ಸೀಮೆಯ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯಹೊರಟವರಿಗೂ ಇದೇ ತೊಡಕು ಎದುರಾಗುವುದು. ಫರ್ಮಾನು ಹೊರಡಿಸಿದ ಅರಸರ ಹೆಸರು ದೊರೆಯುತ್ತದೆ. ಕಟ್ಟಡಕ್ಕೆ ಹಣ ಕೊಟ್ಟ ಧನಿಕರ ಹೆಸರು ಬಾಗಿಲ ಮೇಲೆ ದೊರೆಯುತ್ತದೆ. ಮೊದಲನೆಯ ವರ್ಗದಲ್ಲಿ ತೇರ್ಗಡೆಯಾದ ವಿದ್ಯಾರ್ಥಿಯ ಹೆಸರೂ ಒಂದು ದಿನದ ಮಟ್ಟಿಗೆ ವೃತ್ತಪತ್ರಿಕೆಯಲ್ಲಿ ದೊರೆಯುತ್ತದೆ. ಆ ವಿದ್ಯಾರ್ಥಿಯ ಕೈಹಿಡಿದು ಮೊದಲಕ್ಷರವನ್ನು ತಿದ್ದಿಸಿದವರಾರೆಂಬುದು ಮಾತ್ರ ಎಲ್ಲಿಯೂ ದೊರೆಯದು. ಅದೃಷ್ಟವಶಾತ್ ಕೆಲವು ಸಂದರ್ಭಗಳಲ್ಲಿ ಗುರುವಿನ ಹೆಸರೂ ಶಿಷ್ಯನ ಹೆಸರೂ ಜೊತೆಯಾಗಿ ಉಳಿದುಬಂದಿವೆ. ಅವನ್ನು ಕಾಲಕ್ರಮದಿಂದ ಜೋಡಿಸಿ ನೋಡಿದರೆ, ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿನಲ್ಲಿ, ಹಳೆಯ ಶಾಸನಗಳು ಎಡೆದೊರೆಯೆಂದು ಕರೆದ ಈ ಭೂಮಿಯಲ್ಲಿ, ವಿದ್ಯೆಯು ಒಬ್ಬರಿಂದೊಬ್ಬರಿಗೆ ಹೇಗೆ ದಾಟಿತು, ಎಲ್ಲೆಲ್ಲಿ ತಡೆದು ನಿಂತಿತು ಎಂಬುದು ಸ್ವಲ್ಪಮಟ್ಟಿಗೆ ಗೋಚರವಾಗುವುದು.

ಮೊದಲು ಹೇಳಬೇಕಾದುದು ಮಾನ್ವಿ ದೇವದುರ್ಗಗಳ ಕಥೆ. ತುಂಗಭದ್ರೆಯ ದಡದಲ್ಲಿ, ಮಾನ್ವಿ ಸೀಮೆಯಲ್ಲಿ, ಚೀಕಲಪರವಿ ಎಂಬ ಹಳ್ಳಿಯಿದೆ. ೧೬೮೨ರಲ್ಲಿ ಅಲ್ಲಿಯ ಬಡವರ ಮನೆಯೊಂದರಲ್ಲಿ ಹುಟ್ಟಿದ ದಾಸಪ್ಪನೇ ಮುಂದೆ ವಿಜಯದಾಸರೆಂದು ಕನ್ನಡನಾಡಿನಲ್ಲೆಲ್ಲ ಪ್ರಸಿದ್ಧರಾದರು. ಅವರ ಶಿಷ್ಯರಲ್ಲಿ ಮುಖ್ಯರಾದವರು ದೇವದುರ್ಗ ಸೀಮೆಯ ಮೊಸರಕಲ್ಲಿನ ಭಾಗಣ್ಣ, ಎಂದರೆ ಗೋಪಾಲದಾಸರು. ಆ ಗೋಪಾಲದಾಸರ ಉಪದೇಶವನ್ನು ಪಡೆದವರು ಮಾನ್ವಿಯ ಜಗನ್ನಾಥದಾಸರು. ಇವರು ಅದೇ ಸೀಮೆಯ ಬ್ಯಾಗವಾಟದಲ್ಲಿ ೧೭೨೮ರಲ್ಲಿ ಜನಿಸಿದವರು. ಹೀಗೆ ಮಾನ್ವಿಯಿಂದ ಹೊರಟ ವಿದ್ಯೆಯು ದೇವದುರ್ಗದ ಹಳ್ಳಿಯೊಂದನ್ನು ಹಾದು ಒಂದು ತಲೆಮಾರಿನೊಳಗಾಗಿ ಪುನಃ ಮಾನ್ವಿಗೇ ಹಿಂದಿರುಗಿತು. ಈ ಮೂವರಲ್ಲಿ ಒಬ್ಬರಿಗೂ ರಾಜಾಶ್ರಯವಿರಲಿಲ್ಲ. ಅವರ ಪಾಠಶಾಲೆಗೆ ಗೋಡೆಯೂ ಇರಲಿಲ್ಲ.

ಜಗನ್ನಾಥದಾಸರಿಗೆ ಪೂರ್ವದಲ್ಲಿ ಶ್ರೀನಿವಾಸಾಚಾರ್ಯರೆಂದು ಹೆಸರು. ಮಂತ್ರಾಲಯದ ಮಠದ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿ, ಸಂಸ್ಕೃತದಲ್ಲಿ ಪ್ರಕಾಂಡರೆನಿಸಿಕೊಂಡು, ತಾವೂ ಶಿಷ್ಯರಿಗೆ ಪಾಠ ಹೇಳುತ್ತ ಮಾನ್ವಿಯಲ್ಲಿದ್ದರು. ದೇವರನಾಮಗಳನ್ನು ಕನ್ನಡದಲ್ಲಿ ಹಾಡುತ್ತ ತಿರುಗುವ ದಾಸರಲ್ಲಿ ಅವರಿಗೆ ಗೌರವವಿರಲಿಲ್ಲ. ವಿಜಯದಾಸರು ಮಾನ್ವಿಗೆ ಬಂದು ಪ್ರಸಾದಕ್ಕೆ ಕರೆಯಿಸಿದಾಗ ಹೊಟ್ಟೆನೋವೆಂದು ನೆವ ಹೇಳಿ ತಪ್ಪಿಸಿಕೊಂಡರಂತೆ. ನೆವವು ನಿಜವಾಯಿತು. ಉದರಶೂಲೆಯು ಯಾವ ಔಷಧಕ್ಕೂ ಬಗ್ಗದಿರಲು ಕಡೆಗೆ ವಿಜಯದಾಸರ ಬಳಿಗೇ ಹೋದರು. ಅವರು ತಾವು ಗುಣಪಡಿಸದೆ ತಮ್ಮ ಶಿಷ್ಯನಾದ ಭಾಗಣ್ಣನಲ್ಲಿಗೆ ಕಳುಹಿದರು. ಗೋಪಾಲದಾಸರು ಜೋಳದ ರೊಟ್ಟಿಯನ್ನು ಅಭಿಮಂತ್ರಿಸಿ ಉಣ್ಣಿಸಿ, ತಮ್ಮ ಆಯುಸ್ಸಿನಲ್ಲಿ ೪೦ ವರ್ಷಗಳನ್ನು ಈ ಪಂಡಿತರಿಗೆ ಧಾರೆಯೆರೆದರೆಂದು ಐತಿಹ್ಯವಿದೆ. ಗೋಪಾಲದಾಸರು ೧೭೬೨ರಲ್ಲಿ ಇನ್ನೂ ನಡುವಯಸ್ಸಿನಲ್ಲಿಯೇ ತೀರಿಕೊಂಡರು. ಜಗನ್ನಾಥದಾಸರು ೧೮೦೯ರ ವರೆಗೆ ಬಾಳಿದರು.

ಐತಿಹ್ಯವನ್ನು ಇತಿಹಾಸದ ತಕ್ಕಡಿಯಲ್ಲಿ ತೂಗಬೇಕೆಂದು ಯಾರೂ ಹೇಳಲಾರರು. ಆದರೆ ಉದರಶೂಲೆಯ ಭಾಗವನ್ನು ಬದಿಗಿಟ್ಟರೂ ಉಳಿಯುವ ಸಂಗತಿ ಸಾಮಾನ್ಯವಾದುದಲ್ಲ. ಸಂಸ್ಕೃತ ಪಂಡಿತನೊಬ್ಬನು ತನಗಿಂತ ಕೆಲವೇ ವರ್ಷ ಹಿರಿಯನಾದ, ಶಾಸ್ತ್ರದಲ್ಲಿ ತನ್ನಷ್ಟು ಹೆಸರಿಲ್ಲದ, ಪಕ್ಕದ ಸೀಮೆಯ ಹಳ್ಳಿಗನೊಬ್ಬನ ಮುಂದೆ ಕೈಕಟ್ಟಿ ನಿಂತನು. ಆ ಮೇಲೆ ತಾನು ಸಂಸ್ಕೃತದಲ್ಲಿ ಅರಿತಿದ್ದ ದ್ವೈತಸಿದ್ಧಾಂತದ ಸಾರವನ್ನೆಲ್ಲ ಭಾಮಿನೀ ಷಟ್ಪದಿಯಲ್ಲಿ, ಸಂಧಿ ಸಂಧಿಯಾಗಿ, ಕನ್ನಡಕ್ಕೆ ಇಳಿಸಿದನು. ಹರಿಕಥಾಮೃತಸಾರವೆಂಬ ಆ ಗ್ರಂಥವನ್ನು ಇಂದಿಗೂ ಸಂಸ್ಕೃತದ ಗಂಧವಿಲ್ಲದ ಮುದುಕಿಯರು ಬಾಯಿಪಾಠವಾಗಿ ಹೇಳುವುದುಂಟು. ಅವರಿಗಾಗಿಯೇ ಅದು ಹುಟ್ಟಿದುದು. ಗೋಪಾಲದಾಸರು ಹೆಳವನಕಟ್ಟೆಯ ಗಿರಿಯಮ್ಮನಿಗೆ ಅಂಕಿತವನ್ನಿತ್ತರೆಂಬ ಸಂಗತಿಯನ್ನು ಇದರೊಡನೆ ಸೇರಿಸಿ ನೋಡಬೇಕು. ಹೆಣ್ಣುಮಗಳಿಗೆ ಅಕ್ಷರವೇ ಅನಾವಶ್ಯಕವೆಂದು ಲೋಕವು ಎಣಿಸಿದ್ದ ಕಾಲದಲ್ಲಿ ಅವಳ ಕವಿತ್ವಕ್ಕೆ ಗುರುಮುದ್ರೆಯನ್ನೊತ್ತುವುದು ಸಣ್ಣ ಧೈರ್ಯವಲ್ಲ.

ಸಂಸ್ಕೃತ ಪಾಠಶಾಲೆಗಳಲ್ಲಿ ಬೆಳೆದವರು ಈ ಕಥೆಯನ್ನು ಕೇಳಿ ಸ್ವಲ್ಪ ತಲೆ ತಗ್ಗಿಸಬೇಕಾಗುವುದು. ಅಮರವನ್ನೂ ಶಬ್ದವನ್ನೂ ಉರುಹೊಡೆಯಿಸಿ, ಅರ್ಥವನ್ನು ಕೇಳಿದ ಹುಡುಗನನ್ನು ಗದರಿಸಿದ ಪಾಠಶಾಲೆಗಳು ಎಲ್ಲ ಸೀಮೆಗಳಲ್ಲಿಯೂ ಇದ್ದವು.

ದಾಸರ ಕಾಲದಿಂದ ಹಿಡಿದು ಬಹುಕಾಲದ ವರೆಗೆ ಹಳ್ಳಿಯ ಮಕ್ಕಳಿಗಿದ್ದುದು ಐಗಳ ಮಠ, ಗಾಂವಟಿ ಶಾಲೆ. ಗುಡಿಯ ಪೌಳಿಯೋ ಗೌಡರ ಮನೆಯ ಪಡಸಾಲೆಯೋ ಶಾಲೆಯಾಗುತ್ತಿತ್ತು. ನೆಲದ ಮೇಲೆ ಮರಳು ಹರವಿ ಬೆರಳಿನಿಂದ ತಿದ್ದುವುದು, ಬಾಯಿಮಗ್ಗಿ, ಕಾಗದ ಓದುವುದು, ಲೆಕ್ಕ ಬರೆಯುವುದು, ಮೇಲಿನ ಹುಡುಗರಿಗೆ ಜೈಮಿನಿ ಭಾರತ, ಇಷ್ಟೇ ಪಠ್ಯ. ಐಗಳಿಗೆ ಸಂಬಳವೆಂದರೆ ಸುಗ್ಗಿಯಲ್ಲಿ ರಾಶಿಯ ಕಣದಲ್ಲಿ ಅಳೆದುಕೊಟ್ಟ ಜೋಳ, ಮಾನವಮಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕೋಲು ಹಾಕುತ್ತ ಚೌಪದ ಹಾಡುತ್ತ ಮನೆಮನೆಗೆ ಹೋದಾಗ ಬಂದ ಕಾಣಿಕೆ. ಮಳೆ ಹೋದ ವರ್ಷ ಐಗಳಿಗೂ ಉಪವಾಸ. ಇವರಲ್ಲಿ ಕೋಲುಬಡಿಗೆಯ ಶೂರರೂ ಇದ್ದರು. ಮಕ್ಕಳಿಗೆ ತಾವೇ ಅನ್ನವಿಕ್ಕಿ ಕಲಿಸಿದವರೂ ಇದ್ದರು. ಆದರೆ ಆ ಪೌಳಿಯೊಳಕ್ಕೆ ಎಲ್ಲರ ಮಕ್ಕಳಿಗೂ ಪ್ರವೇಶವಿರಲಿಲ್ಲ. ಹೊಲಗೇರಿಯ ಹುಡುಗನು ಹೊರಗೆ ನಿಂತು ಮಗ್ಗಿಯ ಧ್ವನಿಯನ್ನು ಕೇಳಬಹುದಾಗಿತ್ತು, ಅಷ್ಟೆ. ಇದೇ ಸೀಮೆಯ ಮಸ್ಕಿಯಲ್ಲಿ ೧೯೧೫ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು, ಶ್ರೇಯಸ್ಸು ದೊಡ್ಡವರಿಗೇ ಮೀಸಲೆಂದು ಬಗೆಯಬೇಡಿರಿ, ಧರ್ಮದಲ್ಲಿ ನಿರತನಾದ ಅಲ್ಪನಿಗೂ ಅದು ಲಭ್ಯವೆಂದು ತಿಳಿಯಹೇಳಿರಿ ಎಂಬ ಅಭಿಪ್ರಾಯವನ್ನು ಸಾರುತ್ತದೆ. ಎರಡು ಸಾವಿರ ವರ್ಷಗಳಿಗೂ ಮಿಕ್ಕು ಆ ಬಂಡೆ ಇಲ್ಲಿಯೇ ಇದ್ದಿತು. ಓದುವವರು ಮಾತ್ರ ಇರಲಿಲ್ಲ.

ಇನ್ನು ರಾಜಕೀಯದ ಮಾತು. ರಾಯಚೂರು ದೋಆಬವನ್ನು ನಿಜಾಮನು ೧೮೫೩ರ ಒಪ್ಪಂದದಂತೆ ಇಂಗ್ಲಿಷರಿಗೆ ಒಪ್ಪಿಸಿ, ೧೮೬೦ರಲ್ಲಿ ಮರಳಿ ಪಡೆದನು. ಹೈದರಾಬಾದು ಸಂಸ್ಥಾನದ ಕಚೇರಿಯ ಭಾಷೆ ಮೊದಲು ಫಾರಸಿ. ೧೮೮೦ರ ದಶಕದಲ್ಲಿ ಉರ್ದು ಅದರ ಸ್ಥಾನಕ್ಕೆ ಬಂದಿತು. ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡಗಳನ್ನಾಡುವವರೇ ಬಹುಸಂಖ್ಯಾತರಾಗಿದ್ದರೂ ವಿದ್ಯಾಭ್ಯಾಸದ ಮೆಟ್ಟಿಲುಗಳು ಏರಿದಂತೆಲ್ಲ ಉರ್ದುವಿನಲ್ಲಿಯೇ ಇದ್ದವು. ತಹತಾನಿಯಾ ಎಂದರೆ ಪ್ರಾಥಮಿಕ ಶಾಲೆ, ವಸ್ತಾನಿಯಾ ಎಂದರೆ ಮಾಧ್ಯಮಿಕ, ಫೌಕಾನಿಯಾ ಎಂದರೆ ಪ್ರೌಢಶಾಲೆ, ಕಲಿಸುವವನು ಮುದರ್ರಿಸ. ಮಾನ್ವಿಯ ರೈತನ ಮಗನು ಮನೆಯಲ್ಲಿ ಕನ್ನಡವನ್ನಾಡಿ, ಶಾಲೆಯಲ್ಲಿ ಭೂಗೋಳವನ್ನೂ ಗಣಿತವನ್ನೂ ಉರ್ದುವಿನಲ್ಲಿ ಓದಿ, ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯಬೇಕಾಗಿದ್ದಿತು. ಎಡದಿಂದ ಬಲಕ್ಕೊಂದು ಲಿಪಿ, ಬಲದಿಂದ ಎಡಕ್ಕೊಂದು ಲಿಪಿ. ಇಷ್ಟನ್ನು ದಾಟಿ ಮೇಲೆ ಬಂದ ಹುಡುಗನು ಮೈಸೂರಿನ ಅಥವಾ ಧಾರವಾಡದ ಹುಡುಗನಿಗಿಂತ ಇಮ್ಮಡಿ ನಡೆದವನೆಂಬುದನ್ನು ಪರೀಕ್ಷೆಯ ಅಂಕಗಳು ಹೇಳಲಿಲ್ಲ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ೧೯೧೮ರಲ್ಲಿ ಪ್ರಾರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಾಸ್ತ್ರಗಳನ್ನೆಲ್ಲ ದೇಶಭಾಷೆಯಲ್ಲಿ ಕಲಿಸಬಹುದೆಂದು ಹಿಂದೂಸ್ಥಾನಕ್ಕೆ ಮೊದಲು ತೋರಿಸಿಕೊಟ್ಟಿತು. ಅದಕ್ಕಾಗಿ ಭಾಷಾಂತರ ಶಾಖೆಯನ್ನು ತೆರೆದು ವೈದ್ಯ, ಗಣಿತ, ರಸಾಯನ ಗ್ರಂಥಗಳನ್ನು ಉರ್ದುವಿಗೆ ತಂದರು. ಈ ಸಾಹಸವನ್ನು ಮೆಚ್ಚದವರು ವಿದ್ಯಾಭ್ಯಾಸದ ವಿಷಯವನ್ನು ಬಲ್ಲವರಲ್ಲ. ಆದರೆ ಪರಭಾಷೆಯ ಭಾರದಿಂದ ಬುದ್ಧಿಯು ಕುಗ್ಗುವುದೆಂಬ ಯಾವ ತತ್ತ್ವದ ಮೇಲೆ ಆ ವಿದ್ಯಾಲಯವು ನಿಂತಿತೋ ಅದೇ ತತ್ತ್ವವು ದೇವದುರ್ಗದ ಕನ್ನಡದ ಮಗುವಿಗೂ ಅನ್ವಯಿಸುವುದೆಂಬುದನ್ನು ಅಧಿಕಾರಿಗಳು ಗಮನಕ್ಕೆ ತಂದುಕೊಳ್ಳಲಿಲ್ಲ.

೧೮೭೧ರಲ್ಲಿ ಮದರಾಸಿನ ರೈಲುಹಾದಿಯೂ ಮುಂಬಯಿಯ ರೈಲುಹಾದಿಯೂ ರಾಯಚೂರಿನಲ್ಲಿ ಕೂಡಿದುವು. ಅಂದಿನಿಂದ ಈ ಊರಿಗೆ ಹತ್ತಿಯ ವ್ಯಾಪಾರಿಗಳು ಬಂದರು, ವೃತ್ತಪತ್ರಿಕೆಗಳು ಬಂದವು, ಹೊರಗಿನ ವಿಚಾರಗಳೂ ಬಂದವು. ದೇವದುರ್ಗ ಮಾನ್ವಿಗಳಿಗೆ ಎತ್ತಿನ ಗಾಡಿಯೇ ಗತಿಯಾಗಿದ್ದ ಕಾಲವದು. ರಾಯಚೂರಿಗೆ ಹಾಗೆ ಬಂದವರಲ್ಲಿ ಪಂಡಿತ ತಾರಾನಾಥರು ಒಬ್ಬರು. ೧೮೯೧ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ವೈದ್ಯರು, ಸಂಗೀತವನ್ನು ಬಲ್ಲವರು, ಅನೇಕ ಭಾಷೆಗಳಲ್ಲಿ ಓಡಾಡಿದವರು. ೧೯೨೦ರ ಸುಮಾರಿಗೆ ಅವರು ರಾಯಚೂರಿನಲ್ಲಿ ರಾಷ್ಟ್ರೀಯ ಭಾವನೆಯ ಶಾಲೆಯೊಂದನ್ನು ತೆರೆದು ಅದಕ್ಕೆ ಹಮ್‌ದರ್ದ್ ಎಂದು ಹೆಸರಿಟ್ಟರು.

ಆ ಹೆಸರನ್ನು ಕುರಿತು ಎರಡು ಮಾತು ಹೇಳಿದರೆ ಅಪ್ರಸ್ತುತವಾಗದು. ಫಾರಸಿಯಲ್ಲಿ ದರ್ದ್ ಎಂದರೆ ನೋವು, ಹಮ್ ಎಂದರೆ ಸಹ. ಹಮ್‌ದರ್ದ್ ಎಂದರೆ ಸಮದುಃಖಿ. ಶಾರದಾ, ಸರಸ್ವತೀ, ವಿದ್ಯಾವರ್ಧಿನೀ ಎಂದು ಹೆಸರಿಡುವುದು ನಮ್ಮಲ್ಲಿ ರೂಢಿ. ವಿದ್ಯೆಯ ಅಧಿದೇವತೆಯ ಹೆಸರನ್ನಾಗಲಿ ಅರಸನ ಹೆಸರನ್ನಾಗಲಿ ಇಡದೆ, ಒಬ್ಬರ ನೋವನ್ನು ಇನ್ನೊಬ್ಬರು ಹಂಚಿಕೊಳ್ಳುವವರ ಹೆಸರನ್ನು ಇಟ್ಟ ಶಾಲೆಗಳು ವಿರಳ. ಅದೂ ಹಿಂದೂಗಳಿಗೂ ಮುಸಲ್ಮಾನರಿಗೂ ಸಮಾನವಾಗಿ ಅರ್ಥವಾಗುವ ಆ ಊರಿನ ಮಾತಿನಲ್ಲಿಯೇ ಇಟ್ಟರು. ಸಂಸ್ಥಾನದಲ್ಲಿ ಖಾಸಗಿ ಶಾಲೆಯನ್ನು ನಡೆಯಿಸುವುದಕ್ಕೆ ಸರಕಾರದ ಅಪ್ಪಣೆಯನ್ನು ಎದುರುನೋಡಬೇಕಾಗಿದ್ದ, ಸಭೆ ಸೇರುವುದಕ್ಕೂ ಅನುಮತಿ ಬೇಕಾಗಿದ್ದ ಕಾಲದಲ್ಲಿ ಇಂಥ ಸಂಸ್ಥೆಯು ನಿಂತುಕೊಂಡಿತೆಂದರೆ ಅದರ ಉಪಾಧ್ಯಾಯರು ಎಷ್ಟು ಕಷ್ಟಪಟ್ಟಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಅವರೆಲ್ಲರ ಹೆಸರುಗಳನ್ನು ಯಾರೂ ಕಲ್ಲಿನಲ್ಲಿ ಕೊರೆಯಲಿಲ್ಲ.

ತಾರಾನಾಥರು ಮುಂದೆ ತುಂಗಭದ್ರೆಯ ಆಚೆಯ ದಡದಲ್ಲಿ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನೆಲದಲ್ಲಿ, ಪ್ರೇಮಾಯತನವೆಂಬ ಆಶ್ರಮವನ್ನು ಕಟ್ಟಿದರು, ೧೯೪೨ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಮಗನಿಗೆ ಆಗ ಹತ್ತು ವರ್ಷ. ಆ ಬಾಲಕನೇ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕನೂ ಆಗಿ, ಅಲಿ ಅಕ್ಬರ್ ಖಾನರಲ್ಲಿ ಶಿಷ್ಯವೃತ್ತಿ ಮಾಡಿ, ಸರೋದ್ ವಾದನದಲ್ಲಿ ದೇಶವಿದೇಶಗಳಲ್ಲಿ ಖ್ಯಾತನಾದ ರಾಜೀವ ತಾರಾನಾಥ. ಅವರು ೨೦೨೪ರ ಜೂನ್ ತಿಂಗಳಲ್ಲಿ ಮೈಸೂರಿನಲ್ಲಿ ಕಾಲವಾದರು. ರಾಯಚೂರಿನಲ್ಲಿ ತಂದೆಯ ಹೆಸರಿನ ಶಿಕ್ಷಣಸಂಸ್ಥೆಯು ಉಳಿದು ಬೆಳೆಯಿತು. ಲಕ್ಷ್ಮೀವೆಂಕಟೇಶ ದೇಸಾಯಿ ಕಾಲೇಜು ಅದರ ಆಡಳಿತಕ್ಕೆ ಸೇರಿದುದು.

ಕನ್ನಡವು ಸರಕಾರದ ಪ್ರೌಢಶಾಲೆಗಳ ಬೋಧನಭಾಷೆಯಾಗಿಲ್ಲದಿದ್ದ ಈ ಊರಿನಲ್ಲಿಯೇ ೧೯೩೪ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಕೂಡಿತು. ಅದು ಇಪ್ಪತ್ತನೆಯ ಸಮ್ಮೇಳನ. ಅಧ್ಯಕ್ಷಪೀಠದಲ್ಲಿ ಕುಳಿತವರು ಪಂಜೆ ಮಂಗೇಶರಾಯರು. ಇವರು ಕೊಂಕಣಿಯ ಮನೆಮಾತಿನವರು. ಬಂಟವಾಳದ ಬಡಕುಟುಂಬದಲ್ಲಿ ೧೮೭೪ರಲ್ಲಿ ಹುಟ್ಟಿ, ಉಪಾಧ್ಯಾಯರಾಗಿ, ಶಾಲಾ ಪರೀಕ್ಷಕರಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದು ನಿವೃತ್ತರಾದವರು. ಮಕ್ಕಳು ಕುಣಿದಾಡುತ್ತ ಕಲಿಯಬಹುದಾದ ಹಾಡುಗಳೂ ಕಥೆಗಳೂ ಅವರಿಂದ ಕನ್ನಡಕ್ಕೆ ಬಂದವು. ಅವರು ತಮಗೆ ಇಟ್ಟುಕೊಂಡಿದ್ದ ಕಾವ್ಯನಾಮ ಕವಿಶಿಷ್ಯ. ಸಾವಿರಾರು ಮಕ್ಕಳಿಗೆ ಗುರುವಾದವನು ತನ್ನನ್ನು ಶಿಷ್ಯನೆಂದು ಕರೆದುಕೊಂಡ ಈ ವಿನಯದಲ್ಲಿ ಮಾನ್ವಿಯ ಶ್ರೀನಿವಾಸಾಚಾರ್ಯರ ನೆನಪಾಗುವುದು ಸಹಜ.

ಮಹಾಕವಿಗಳನ್ನೂ ಸಂಶೋಧಕರನ್ನೂ ಬಿಟ್ಟು ಮಕ್ಕಳ ಪದ್ಯ ಬರೆದ ಮಾಸ್ತರರನ್ನು ರಾಯಚೂರಿನ ಸಮ್ಮೇಳನಕ್ಕೆ ಕರೆತಂದುದು ಉಚಿತವೇ ಆಯಿತು. ನಿಜಾಮ ಕರ್ನಾಟಕದಲ್ಲಿ ಅಂದು ಬೇಕಾಗಿದ್ದುದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ಆರು ವರ್ಷದ ಮಗುವಿನ ಕೈಯಲ್ಲಿ ಇಡಬಹುದಾದ ಒಂದು ಕನ್ನಡ ಪುಸ್ತಕ. ಪಂಜೆಯವರು ೧೯೩೭ರಲ್ಲಿ ಹೈದರಾಬಾದು ನಗರದಲ್ಲಿಯೇ ದೇಹವಿಟ್ಟರು. ಪುನಃ ೧೯೫೬ರಲ್ಲಿ, ಕರ್ನಾಟಕವು ಒಂದಾದ ವರ್ಷ, ರಾಯಚೂರಿನಲ್ಲಿ ಸಮ್ಮೇಳನವು ನೆರೆದಾಗ ಅಧ್ಯಕ್ಷರಾಗಿದ್ದವರು ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಶ್ರೀರಂಗರು; ೨೦೧೬ರಲ್ಲಿ ಮೂರನೆಯ ಸಲ ನೆರೆದಾಗ ಕನ್ನಡದ ಪ್ರಾಧ್ಯಾಪಕರಾಗಿದ್ದ ಬರಗೂರು ರಾಮಚಂದ್ರಪ್ಪನವರು. ಮೂರು ಸಲವೂ ಪಾಠ ಹೇಳಿದವರೇ ಈ ಊರಿನ ಪೀಠವನ್ನೇರಿದುದು ಯದೃಚ್ಛೆಯಾಗಿರಬಹುದು.

ಉರ್ದುವಿನ ಮೂಲಕ ಓದಿದವರೆಲ್ಲರೂ ಕನ್ನಡವನ್ನು ಕಳೆದುಕೊಂಡರೆಂದು ತಿಳಿಯಬಾರದು. ಅಂದಿನ ರಾಯಚೂರು ಜಿಲ್ಲೆಗೆ ಸೇರಿದ್ದ ಯಲಬುರ್ಗಿ ತಾಲೂಕಿನ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ, ಸಂಸ್ಥಾನದ ಸಿವಿಲ್ ಸೇವೆಗೆ ಸೇರಿ, ಕಾವ್ಯಾನಂದರೆಂಬ ಹೆಸರಿನಿಂದ ಕನ್ನಡದ ಕವಿಗಳಾದರು. ರಾಯಚೂರು ಸೀಮೆಯ ಹೆಂಬೇರಾಳಿನಲ್ಲಿ ೧೯೨೪ರಲ್ಲಿ ಹುಟ್ಟಿದ ಶಾಂತರಸರ ಚರಿತ್ರೆ ಇನ್ನೂ ಸ್ವಾರಸ್ಯವಾದುದು. ಉಪಾಧ್ಯಾಯ ವೃತ್ತಿಯಲ್ಲಿ ಬಾಳಿದ ಇವರು ಉರ್ದುವನ್ನು ಹಗೆಯೆಂದೆಣಿಸದೆ, ಅದರ ಸೊಗಸಾದ ಗಜಲ್ ಛಂದಸ್ಸನ್ನು ಕನ್ನಡಕ್ಕೆ ತಂದು ನೆಲೆಗ���ಳಿಸಿದರು. ಅವರ ಮಗಳು ಮುಕ್ತಾಯಕ್ಕನವರೂ ಅದೇ ಹಾದಿಯಲ್ಲಿ ಬರೆದರು. ಹೊರೆಯಾಗಿ ಹೇರಿದುದನ್ನೇ ಆಸ್ತಿಯಾಗಿ ಮಾಡಿಕೊಂಡ ಜಾಣ್ಮೆಯಿದು. ೨೦೦೬ರಲ್ಲಿ ಬೀದರಿನಲ್ಲಿ ನಡೆದ ಸಮ್ಮೇಳನಕ್ಕೆ ಶಾಂತರಸರು ಅಧ್ಯಕ್ಷರಾಗಿದ್ದರು. ಎರಡು ವರ್ಷಗಳ ಬಳಿಕ ತೀರಿಕೊಂಡರು.

೧೯೪೮ರ ಸಪ್ಟಂಬರ ೧೭ರಂದು ಸಂಸ್ಥಾನವು ಭಾರತಕ್ಕೆ ಅಧೀನವಾಯಿತು. ಅದಕ್ಕಾಗಿ ಹೋರಾಡಿದವರ ಮುಂದಾಳಾದ ಸ್ವಾಮಿ ರಾಮಾನಂದತೀರ್ಥರೂ ಮೂಲತಃ ಶಾಲಾ ಮಾಸ್ತರರೇ. ಆ ವೃತ್ತಾಂತವು ಬೇರೆಡೆ ಬೇಕಾದಷ್ಟು ಬರೆಯಲ್ಪಟ್ಟಿದೆ. ಇಲ್ಲಿ ನೆನೆಯತಕ್ಕುದು ಅನಂತರದ ವರ್ಷಗಳ ಉಪಾಧ್ಯಾಯರನ್ನು. ತಾವು ಕಲಿತುದು ಉರ್ದುವಿನಲ್ಲಿ, ಕಲಿಸಬೇಕಾದುದು ಕನ್ನಡದಲ್ಲಿ. ರಸಾಯನದ, ರೇಖಾಗಣಿತದ ಪದಗಳು ಅವರ ನಾಲಗೆಯ ಮೇಲೆ ಅರಬ್ಬಿಯವಾಗಿದ್ದವು. ನಡುವಯಸ್ಸಿನಲ್ಲಿ ಅವರು ತಮ್ಮ ಮಾತೃಭಾಷೆಯನ್ನು ಶಾಸ್ತ್ರದ ಭಾಷೆಯಾಗಿ ಹೊಸದಾಗಿ ಕಲಿಯಬೇಕಾಯಿತು. ಸಂಸ್ಥಾನದಲ್ಲಿ ಅಂದು ನೂರಕ್ಕೆ ಹತ್ತು ಮಂದಿಗೂ ಅಕ್ಷರವಿರಲಿಲ್ಲವೆಂಬುದನ್ನು ನೆನೆದರೆ, ಈ ಮಾಸ್ತರರು ತೊಡಗಿದ ಕಾರ್ಯದ ಪ್ರಮಾಣವು ತಿಳಿಯುವುದು. ೧೯೫೬ರ ನವಂಬರ ೧ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಗದ್ವಾಲ ಆಲಂಪುರಗಳು ಆಂಧ್ರಕ್ಕೆ ಹೋದವು.

ಅಲ್ಲಿಂದೀಚೆಗೆ ಮಾನ್ವಿಯ ದಾರಿಯೂ ದೇವದುರ್ಗದ ದಾರಿಯೂ ಸ್ವಲ್ಪ ಬೇರೆಯಾದವು. ತುಂಗಭದ್ರೆಯ ಅಣೆಕಟ್ಟು ೧೯೫೩ರಲ್ಲಿ ನೀರು ನಿಲ್ಲಿಸಿದ ಮೇಲೆ ಎಡದಂಡೆಯ ಕಾಲುವೆ ಮಾನ್ವಿಯ ಕಡೆಗೂ ಹರಿದುಬಂದಿತು. ಆಂಧ್ರದಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿ ಭತ್ತ ಬೆಳೆದರು. ಕ್ಯಾಂಪಿನ ಶಾಲೆಗೆ ತೆಲುಗಿನ ಮಕ್ಕಳು ಬಂದರು. ಒಂದು ಕಾಲದಲ್ಲಿ ಕನ್ನಡದ ಹುಡುಗನು ಉರ್ದು ಶಾಲೆಯಲ್ಲಿ ಅನುಭವಿಸಿದ ಪಾಡನ್ನು ಈಗ ತೆಲುಗಿನ ಮಗು ಕನ್ನಡ ಶಾಲೆಯಲ್ಲಿ ಅನುಭವಿಸುವಂತಾಯಿತು; ತೆಲುಗಿನಲ್ಲಿ ಎರಡು ಮಾತಾಡಿ ಆ ಮಗುವನ್ನು ಕನ್ನಡಕ್ಕೆ ಕರೆತಂದ ಉಪಾಧ್ಯಾಯರು ಹಳೆಯ ಋಣವನ್ನು ತೀರಿಸಿದರೆನ್ನಬೇಕು.

ದೇವದುರ್ಗಕ್ಕೆ ನೀರು ತಡವಾಗಿ ಬಂದಿತು, ಅದೂ ನಾರಾಯಣಪುರದ ಬಲದಂಡೆಯ ಕಾಲುವೆಯಿಂದ ಕೆಲವು ಊರುಗಳಿಗೆ ಮಾತ್ರ. ೨೦೦೨ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ ೧೭೫ ತಾಲೂಕುಗಳನ್ನು ಅಳೆದು, ೧೧೪ ಹಿಂದುಳಿದುವೆಂದೂ ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದುವೆಂದೂ ವರದಿ ಮಾಡಿದಾಗ, ಎಲ್ಲಕ್ಕಿಂತ ಕೆಳಗೆ ಕಾಣಿಸಿದ ಹೆಸರು ದೇವದುರ್ಗ. ಗೋಪಾಲದಾಸರ ನಾಡು! ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ ೭೫.೩೬ ಆಗಿದ್ದರೆ ರಾಯಚೂರು ಜಿಲ್ಲೆಯದು ೫೯.೫೬; ಹೆಂಗಸರಲ್ಲಿ ಅರ್ಧಕ್ಕಿಂತ ಕಡಿಮೆ. ಸಂವಿಧಾನಕ್ಕೆ ೩೭೧ಜೆ ಅನುಚ್ಛೇದವು ಸೇರ್ಪಡೆಯಾಗಿ ೨೦೧೩ರಿಂದ ಈ ಭಾಗದ ವಿದ್ಯಾರ್ಥಿಗಳಿಗೆ ಸ್ಥಾನ ಮೀಸಲಾತಿ ದೊರೆತಿದೆ. ರಾಯಚೂರಿಗೆ ಕೃಷಿ ವಿಶ್ವವಿದ್ಯಾಲಯವೂ ಬಂದಿದೆ, ೨೦೧೯ರಿಂದ ಮಾಹಿತಿ ತಂತ್ರಜ್ಞಾನದ ರಾಷ್ಟ್ರೀಯ ವಿದ್ಯಾಲಯವೂ ಇದೆ. ಮೇಲಿನ ಅಂತಸ್ತುಗಳು ಸಿದ್ಧವಾಗಿವೆ. ಆ ಅಂತಸ್ತಿಗೆ ಹಳ್ಳಿಯ ಮಗುವನ್ನು ಮುಟ್ಟಿಸುವ ಮೊದಲ ಮೆಟ್ಟಿಲು ಸರಕಾರದ ಕನ್ನಡ ಶಾಲೆ. ಅಲ್ಲಿಯೇ ಎಷ್ಟೋ ಕಡೆ ಖಾಯಂ ಉಪಾಧ್ಯಾಯರ ಸ್ಥಾನಗಳು ಖಾಲಿಯಿದ್ದು, ಅತಿಥಿ ಶಿಕ್ಷಕರೆಂಬ ಹೆಸರಿನಿಂದ ಅಲ್ಪ ವೇತನಕ್ಕೆ ದುಡಿಯುವ ತರುಣರು ತರಗತಿಗಳನ್ನು ಹೊತ್ತಿರುವರು. ಅತಿಥಿಯೆಂದು ಕರೆದು ಊಟಕ್ಕೆ ಸಾಲದಷ್ಟು ಕೊಡುವುದು ಯಾವ ಸ್ಮೃತಿಯಲ್ಲಿಯೂ ಹೇಳಿದ ಧರ್ಮವಲ್ಲ.

ಅನ್ನದ ಮಾತು ಬಂದುದರಿಂದ ಇದನ್ನೂ ಹೇಳಬೇಕು. ೨೦೦೨ರಲ್ಲಿ ಅಕ್ಷರ ದಾಸೋಹವು ರಾಜ್ಯದಲ್ಲಿ ಮೊದಲು ಆರಂಭವಾದುದು ಉತ್ತರದ ಏಳು ಜಿಲ್ಲೆಗಳಲ್ಲಿ, ರಾಯಚೂರು ಅವುಗಳಲ್ಲೊಂದು. ಮಧ್ಯಾಹ್ನದ ಬಿಸಿಯೂಟವು ಬಂದ ಮೇಲೆ ಶಾಲೆಯ ಹಾಜರಿಗೆ ಬಲ ಬಂದಿತು. ಮುಖ್ಯೋಪಾಧ್ಯಾಯರ ಹೆಗಲ ಮೇಲೆ ಅಕ್ಕಿ ಬೇಳೆಯ ಲೆಕ್ಕವೂ, ಕೆಲವು ವರ್ಷಗಳಿಂದ ಹಾಲಿನ ಪುಡಿಯ, ಮೊಟ್ಟೆಯ ಲೆಕ್ಕವೂ ಬಿದ್ದಿತು. ಗೊಣಗುವವರುಂಟು. ಆದರೆ ಜೋಳದ ರೊಟ್ಟಿಯನ್ನು ಮೊದಲು ಉಣ್ಣಿಸಿ ಆ ಮೇಲೆ ಉಪದೇಶ ಮಾಡಿದ ಗುರುವಿನ ಸೀಮೆಯಲ್ಲಿ ಈ ಕ್ರಮವು ಹೊಸದೆಂದು ಯಾರೂ ಹೇಳಲಾರರು.

ದೇವದುರ್ಗದ ಶಾಲೆಗಳಿಗೆ ಇರುವ ದೊಡ್ಡ ಸಂಕಟ ಗುಳೆ. ಹಿಂಗಾರು ಕೈಕೊಟ್ಟ ವರ್ಷ, ಕೆಲವೊಮ್ಮೆ ಕೊಡದ ವರ್ಷವೂ, ಕುಟುಂಬಗಳು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಹೋಗುವುವು. ಮಕ್ಕಳೂ ಜೊತೆಗೆ. ಅದಕ್ಕೆ ಮೊದಲೇ ಹತ್ತಿ ಬಿಡಿಸುವ ಕಾಲದಲ್ಲಿ ದೊಡ್ಡ ಹುಡುಗಿಯರು ವಾರಗಟ್ಟಲೆ ಹೊಲದಲ್ಲಿರುವರು. ನಾಲ್ಕು ತಿಂಗಳು ಶಾಲೆ ಬಿಟ್ಟ ಮಗು ಮೇಲಿನ ತರಗತಿಯ ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತು ಅಂಕ ಗಳಿಸಿದರೆ, ಜಿಲ್ಲೆಯ ಸ್ಥಾನವನ್ನು ಎಣಿಸುವ ಪಟ್ಟಿಯು ಆ ನಲವತ್ತನ್ನು ಬೇರೊಂದು ಊರಿನ ನಲವತ್ತರೊಡನೆಯೇ ಸೇರಿಸಿ ಕೂಡುವುದು. ಪ್ರತಿ ವರ್ಷದ ಫಲಿತಾಂಶದ ಮರುದಿನ ರಾಯಚೂರಿನ ಉಪಾಧ್ಯಾಯರನ್ನು ನಿಂದಿಸುವವರು ಈ ಕೂಡುವಿಕೆಯ ದೋಷವನ್ನು ಒಂದು ಗಳಿಗೆಯಾದರೂ ಯೋಚಿಸುವುದು ಲೇಸು. ಕರ್ತವ್ಯವನ್ನು ಮರೆತ ಉಪಾಧ್ಯಾಯರೂ ಇರುವರು, ವರ್ಗಾವಣೆಯ ಅರ್ಜಿಯನ್ನೇ ನಿತ್ಯಪಾಠವಾಗಿ ಮಾಡಿಕೊಂಡವರೂ ಇರುವರು. ಅದನ್ನು ಮುಚ್ಚಬೇಕಾದುದಿಲ್ಲ. ಆದರೆ ಗುಳೆ ಹೋಗುವ ಮುನ್ನಾದಿನ ಮನೆಮನೆಗೆ ಹೋಗಿ, ಮಗುವನ್ನು ಅಜ್ಜಿಯ ಹತ್ತಿರವಾದರೂ ಬಿಟ್ಟುಹೋಗಿರಿ, ಋತುಮಾನದ ವಸತಿಶಾಲೆಯಲ್ಲಿ ಊಟವೂ ಹಾಸಿಗೆಯೂ ಇದೆ ಎಂದು ತಂದೆತಾಯಿಗಳೊಡನೆ ವಾದಿಸುವವರೂ ಅದೇ ಉಪಾಧ್ಯಾಯರು. ಹಲವು ಮನೆಗಳಲ್ಲಿ ವಾದವು ಸೋಲುವುದು. ಕೆಲವು ಮನೆಗಳಲ್ಲಿ ಗೆಲ್ಲುವುದು. ಗೆದ್ದ ಮನೆಯ ಹುಡುಗಿಯು ಹತ್ತನೆಯ ತರಗತಿಯನ್ನು ಮುಗಿಸಿದರೆ ಆ ಮನೆತನದಲ್ಲಿ ಎಷ್ಟೋ ಸಲ ಅವಳೇ ಮೊದಲನೆಯವಳಾಗಿರುವಳು.

ಯುಗಾದಿಯ ಹೊತ್ತಿಗೆ ಗುಳೆ ಹೋದವರಲ್ಲಿ ಕೆಲವರು ಊರಿಗೆ ತಿರುಗುವರು. ಮಕ್ಕಳು ಶಾಲೆಯ ಬಾಗಿಲಲ್ಲಿ ನಿಂತು ಇಣಿಕುವರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತುಗಳು ಸಾಲಾಗಿರುವುವು. ಉಪಾಧ್ಯಾಯರು ಅದನ್ನು ತೆರೆದು, ಹೆಸರನ್ನು ಗಟ್ಟಿಯಾಗಿ ಕೂಗಿ, ಒಳಗೆ ಬಂದು ಕುಳಿತುಕೊಳ್ಳೆಂದು ಹೇಳಿ, ಆ ದಿನದ ಮನೆಯಲ್ಲಿ ಹಾಜರಿಯ ಗುರುತನ್ನು ಹಾಕುವರು.